ಹದಿನೆಂಟನೆಯ ಪೆಟ್ಟಿಗೆ

“ಇದು ಇಲ್ಲೀ ಕಲ್ಲು ಅಲ್ಲ!”

ಸ್ನೇಹಲ್ ಒಬ್ಬಳೇ ಇದ್ದಳು. ಆದರೂ ಮಾತು ಜೋರಾಗಿಯೇ ಬಂತು. ತಗಡಿನ ಶೆಡ್ಡಿನೊಳಗೆ ಅದು ಒಮ್ಮೆ ಸುತ್ತಿ, ಸಾಲುಸಾಲು ಪೆಟ್ಟಿಗೆಗಳ ನಡುವೆ ಎಲ್ಲೋ ಅಡಗಿತು.

ಸವದತ್ತಿಯಿಂದ ರಾಮದುರ್ಗಕ್ಕೆ ಹೋಗುವ ರಸ್ತೆ ಬಿಟ್ಟು ಎರಡು ಮೈಲಿ ಒಳಗೆ, ಕೆಂಗುಡ್ಡವೆಂಬ ಬೋಳು ಗುಡ್ಡದ ಬುಡದಲ್ಲಿ ಆ ಶೆಡ್ಡು. ಇಪ್ಪತ್ತೆರಡು ವರ್ಷದ ಹಿಂದೆ ಬಂಗಾರ ಹುಡುಕಲು ಬಂದವರು ಗುಡ್ಡಕ್ಕೆ ಮೂರು ಕಡೆ ಬೋರು ಇಳಿಸಿದ್ದರು. ಯಂತ್ರವು ನೆಲದೊಳಗಿಂದ ಲಟ್ಟಣಿಗೆ ದಪ್ಪದ ಕಲ್ಲಿನ ಸರಳನ್ನು ಎಳೆದು ತಂದಿತ್ತು. ಅದನ್ನು ಉದ್ದಕ್ಕೆ ಸೀಳಿ, ಅರ್ಧವನ್ನು ಪರೀಕ್ಷೆಗೆ ಕಳಿಸಿ, ಉಳಿದರ್ಧವನ್ನು ಕಟ್ಟಿಗೆಯ ಪೆಟ್ಟಿಗೆಗಳಲ್ಲಿ ಆಳದ ಕ್ರಮಕ್ಕೆ ಜೋಡಿಸಿಟ್ಟು ಅವರು ಹೊರಟುಹೋದರು. ಕಲ್ಲುಗಳು ಉಳಿದವು. ಅವುಗಳನ್ನು ಕಾಯಲು ಲಕ್ಕಪ್ಪನೆಂಬ ಒಬ್ಬ ಮನುಷ್ಯ ಉಳಿದ.

ಈಗ ಹೊಸ ಕಂಪನಿಯೊಂದು ಅವೇ ಕಲ್ಲುಗಳನ್ನು ಮತ್ತೆ ಪರೀಕ್ಷೆ ಮಾಡಿಸಲು ಮುಂದೆ ಬಂದಿತ್ತು. ಕಿತ್ತೂರಿನ ಹುಡುಗಿ, ಭೂವಿಜ್ಞಾನ ಓದಿದ ಸ್ನೇಹಲ್ ಆ ಕೆಲಸಕ್ಕೆಂದು ಬಂದು ಮೂರು ದಿನವಾಗಿತ್ತು.

ಅವಳ ಮುಂದಿದ್ದುದು ಮೊದಲ ಬೋರಿನ ಹದಿನೆಂಟನೆಯ ಪೆಟ್ಟಿಗೆ. ಮೀಟರ್ ಉದ್ದದ ಐದು ಸಾಲು. ಎಂಬತ್ತೈದರಿಂದ ತೊಂಬತ್ತು ಮೀಟರ್ ಆಳದ ಕಲ್ಲು. ಎಂಬತ್ತಾರು ಮೀಟರ್ ಮೂವತ್ತು ಸೆಂಟಿಮೀಟರ್ ಆಳದಲ್ಲಿ ಬಂಗಾರ ಕಣ್ಣಿಗೆ ಕಂಡಿತೆಂದು ಹಳೆಯ ದಾಖಲೆ ಹೇಳುತ್ತಿತ್ತು. ಅವಳು ಟೇಪು ಹಿಡಿದು ಎರಡನೆಯ ಸಾಲಿನಲ್ಲಿ ಮೂವತ್ತು ಸೆಂಟಿಮೀಟರ್ ಅಳೆದಳು. ಅಲ್ಲಿ ಗೇಣುದ್ದದ ಕರಿ ತುಂಡೊಂದು ಕುಳಿತಿತ್ತು. ಮುರಿದ ರೊಟ್ಟಿಯ ಎರಡು ಹೋಳು ಜೋಡಿಸಿದರೆ ಅಂಚಿಗೆ ಅಂಚು ಕೂಡಬೇಕು. ಈ ತುಂಡು ಎಡಕ್ಕೂ ಕೂಡಲಿಲ್ಲ, ಬಲಕ್ಕೂ ಕೂಡಲಿಲ್ಲ. ಅದರ ಮೇಲಿನ ಧೂಳು ಕೂಡ ತೆಳು.

ಯಾರೋ ಕಲ್ಲು ಬದಲಿಸಿದ್ದರು.

* * *

“ಕಲ್ಲು ಕಳುವಾಗೈತಂತ!” ಠಾಣೆಯಲ್ಲಿ ನಗು ಎದ್ದಿತು. “ಸತ್ಯವ್ವ, ನೀವ ಹೋಗಿ ಬರ್ರಿ. ಕಲ್ಲಿನಷ್ಟ ಸಮಾಧಾನ ನಿಮಗ ಒಬ್ಬರಿಗೇ ಐತಿ.”

ಹೆಡ್ ಕಾನ್‌ಸ್ಟೆಬಲ್ ಸತ್ಯವ್ವನಿಗೆ ಐವತ್ತೆಂಟು ವರ್ಷ. ನಕ್ಕವರೊಡನೆ ತಾನೂ ಸ್ವಲ್ಪ ನಕ್ಕು, ದೂರಿನ ಹಾಳೆಯನ್ನು ಚೀಲಕ್ಕಿಟ್ಟುಕೊಂಡು, ಮರುದಿನ ಬೆಳಗಿನ ರಾಮದುರ್ಗ ಬಸ್ಸು ಹತ್ತಿದಳು. ಕೆಂಗುಡ್ಡದ ಕ್ರಾಸಿನಲ್ಲಿ ಇಳಿದವಳು ಅವಳೊಬ್ಬಳೇ. ಇಳಿದಾಗ ಕಂಡಕ್ಟರ್ ಬಗ್ಗಿ ಕೇಳಿದ: “ಇಲ್ಲೆ ಯಾರದಾರ್ರಿ ಮೇಡಂ?”

ಕಂಪನಿಯ ಜೀಪು ಬಂದಿತ್ತು. ಡ್ರೈವರ್ ಪರಶು ಎಂ.ಕೆ. ಹುಬ್ಬಳ್ಳಿಯವನು. ಹಿಂದೆ ಕಬ್ಬಿನ ಲಾರಿ ಹೊಡೆಯುತ್ತಿದ್ದನಂತೆ.

“ಕಬ್ಬು ಬಿಟ್ಟು ಕಲ್ಲಿಗೆ ಯಾಕ ಬಂದ್ಯೋ ತಮ್ಮಾ?”

“ಕಬ್ಬು ಹೇರಿದ್ರ ದಾರಿ ತುಂಬ ಹುಡುಗೋರು ಜಗ್ಗತಾರ್ರಿ. ಕಲ್ಲು ಯಾರೂ ಜಗ್ಗಂಗಿಲ್ಲಂತ ಬಂದೆ. ಈಗ ನೋಡಿದ್ರ ಇದನ್ನೂ ಬಿಡವಲ್ರು!”

ಕ್ಯಾಂಪಿನ ಮ್ಯಾನೇಜರ್ ಗುರುನಾಥ ಆಫೀಸಿನ ಕಟ್ಟೆಯ ಮೇಲೆ ಕಾಯುತ್ತಿದ್ದ. ಬೈಲಹೊಂಗಲದವನು, ನಲವತ್ತರ ಆಸುಪಾಸು, ಇಸ್ತ್ರಿಯ ಅಂಗಿ. ವರ್ಷದ ಹಿಂದೆ ಕಂಪನಿ ಅವನನ್ನು ಇಲ್ಲಿಗೆ ನೇಮಿಸಿತ್ತು.

“ತಡಾ ಮಾಡಬ್ಯಾಡ್ರಿ ಮೇಡಂ. ಕೀಲಿ ಮುರದಿಲ್ಲ, ಕದಾ ಮುರದಿಲ್ಲ. ಕೀಲಿಕೈ ಯಾರ ಉಡದಾರಕ್ಕ ಐತಿ? ಲಕ್ಕಪ್ಪನ ಉಡದಾರಕ್ಕ. ಇನ್ನೇನ ಬೇಕ್ರಿ? ಸಂಜಿಕ ಕರಕೊಂಡು ಹೋಗಿಬಿಡ್ರಿ. ನಾಳೆ ಹೊಸ ವಾಚ್‌ಮನ್ ಬರಾವ ಅದಾನ.”

“ಕೀಲಿಕೈ ಒಂದೇ ಏನ್ರಿ?”

“ಇನ್ನೊಂದು ಆಫೀಸಿನ ಮೊಳಿಗಿ ಇರತೈತಿ. ಅದು ಅಲ್ಲೇ ಐತಲ್ಲ.”

“ಆಫೀಸಿಗೆ ಯಾರ್ ಯಾರು ಬರತಾರ?”

“ಎಲ್ಲಾರೂ ಬರತಾರ. ಚಾ ಅಲ್ಲೇ ಆಗತೈತಿ.” ಗುರುನಾಥನ ದನಿ ಸ್ವಲ್ಪ ಬಿಗಿಯಾಯಿತು. “ಆದ್ರ ಇಪ್ಪತ್ತೆರಡು ವರ್ಷ ಆ ಕಲ್ಲಿನ ಮಗ್ಗಲದಾಗ ಮಲಗಿದಾಂವ ಒಬ್ಬನ, ಮೇಡಂ. ಯಾವ ಪೆಟ್ಟಿಗ್ಯಾಗ ಏನೈತಿ ಅನ್ನೂದು ಅಂವಗ ಗೊತ್ತು.”

ಶೆಡ್ಡಿನಾಚೆ, ಒಂದೇ ಬಾಗಿಲಿನ ಕೋಣೆಯ ಮುಂದೆ ಒಬ್ಬ ಮುದುಕ ಕುಳಿತಿದ್ದ. ಪಕ್ಕದಲ್ಲಿ ಕಟ್ಟಿದ ಗಂಟು. ಅವನು ಇತ್ತ ನೋಡುತ್ತಿರಲಿಲ್ಲ. ಜೀಪು ಬಂದ ದಾರಿಯ ಧೂಳನ್ನು ನೋಡುತ್ತಿದ್ದ.

ಸತ್ಯವ್ವ ಮೊದಲು ಶೆಡ್ಡಿನೊಳಗೆ ಹೋದಳು.

* * *

“ಮುಟ್ಟಿದ್ದೀ ಏನವಾ ಇದನ್ನ?”

“ಆ ಒಂದು ತುಂಡು ಎತ್ತಿ ನೋಡಿ ಅಲ್ಲೇ ಇಟ್ಟೇನ್ರಿ,” ಎಂದಳು ಸ್ನೇಹಲ್. “ಆಮ್ಯಾಲೆ ಗುರುನಾಥ ಸರ್, ಪೊಲೀಸ್ರು ಬರೂತನಕಾ ಏನೂ ಮುಟ್ಟಬ್ಯಾಡ ಅಂದ್ರು.”

ಸತ್ಯವ್ವ ಪೆಟ್ಟಿಗೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕುಳಿತಳು. ಆಳದ ಅಂಕಿ ಬರೆದ ಕಟ್ಟಿಗೆಯ ಚೂರುಗಳನ್ನು ಗೆದ್ದಲು ತಿಂದು ಹಾಕಿತ್ತು. ಕಲ್ಲುಗಳ ಮೇಲೆ ಧೂಳಿನ ಹೊದಿಕೆ. ಎರಡನೆಯ ಸಾಲಿನ ಬಲತುದಿಯ ಕಡೆ ಕಣಜ ಮಣ್ಣಿನ ಗೂಡು ಕಟ್ಟಿ ಬಿಟ್ಟುಹೋಗಿತ್ತು.

“ಬಂಗಾರ ಅಂದ್ರ ನಾವು ಅಂಗಡ್ಯಾಗ ನೋಡಿದವರು. ಕಲ್ಲಿನೊಳಗ ಅದು ಹೆಂಗ ಹೋತವಾ? ನನಗ ತಿಳಿಯೂಹಂಗ ಹೇಳು. ಅವಸರಿಲ್ಲ.”

ಸ್ನೇಹಲ್ ಇಲ್ಲಿಗೆ ಬಂದಾಗಿನಿಂದ ಯಾರೊಡನೆಯೂ ಹೀಗೆ ಕಲ್ಲಿನ ಮಾತಾಡಿರಲಿಲ್ಲ. ಅವಳ ಮುಖ ಅರಳಿತು.

“ಎರಡೂವರೆ ನೂರು ಕೋಟಿ ವರ್ಷದ ಹಿಂದಿನ ಮಾತ್ರಿ. ಗಿಡಾ ಇಲ್ಲ, ಹುಲ್ಲಿಲ್ಲ, ಕಣ್ಣಿಗೆ ಕಾಣೂ ಜೀವ ಒಂದೂ ಇಲ್ಲ. ಇಲ್ಲೆ ಸಮುದ್ರ ಇತ್ತು. ಅದರ ತಳದಾಗ ಬೆಂಕಿರಸ ಉಕ್ಕಿ, ಹರದು, ಆರಿ ಕರಿ ಕಲ್ಲಾತು. ಆಮ್ಯಾಲೆ ಎರಡೂ ಕಡಿಂದ ನೆಲ ಒತ್ತಿಕೊಂಡು ಬಂತು.”

“ದೂಡಿದವರು ಯಾರು?”

“ಯಾರೂ ಅಲ್ರಿ. ಭೂಮಿ ಮ್ಯಾಲಿನ ಚಿಪ್ಪು ಹಂಗ ಸರೀತಿರತಾವ. ವರ್ಷಕ್ಕ ಉಗುರು ಬೆಳದಷ್ಟು. ಆದ್ರ ಕೋಟಿಗಟ್ಟಲೆ ವರ್ಷ ಸರದ್ರ? ಕಲ್ಲು ರೊಟ್ಟಿ ಮಡಚಿದಂಗ ಮಡಚಿತು. ಆಳದ ತನಕ ಬಿರಕ ಬಿತ್ತು. ಕೆಳಗ ಕರಗಿದ ಕಲ್ಲಿನ ಕಾವಿಗೆ ನೀರು ಕುದೀತಿತ್ತು. ಆ ಕುದಿನೀರು ಬಂಗಾರ ಹೊತಗೊಂಡು ಬಿರಕನ್ಯಾಗ ಏರಿತು. ಏರತ ಏರತ ಆರಿತು. ಆರಿದಲ್ಲೇ ಬಿಳೇ ಬೆಣಚಕಲ್ಲಾಗಿ ಕುಂತಿತು. ಅದರ ಜೋಡಿ ಬಂಗಾರದ ಕಣ ಕುಂತವು. ಎಷ್ಟೋ ಕಾಲ ಆದಮ್ಯಾಲೆ ಮ್ಯಾಲೆ ಮರಳು ಬಿದ್ದು ಈ ಕೆಂಪು ಗುಡ್ಡ ಆತು. ಚಾದರ ಹೊಚ್ಚಿದಂಗ.”

“ಅಂದ್ರ ಬಂಗಾರ ಇರೂದು ಬಿಳೇ ಕಲ್ಲಿನ್ಯಾಗ?”

“ಬಿರಕು ತುಂಬಿದ ಬಿಳೇದರಾಗ. ಎರಡೂ ಕಡೆ ಗ್ವಾಡಿ ಆಗಿ ನಿಂತ ಕರಿದರಾಗ ಅಲ್ಲ. ಇಲ್ಲಿದ್ದ ಬಿಳೇ ತುಂಡು ತಗೊಂಡು ಕರಿ ತುಂಡು ಇಟ್ಟಾರ ನೋಡ್ರಿ.”

“ಉಳದ ಬಿಳೇ ತುಂಡಿನ್ಯಾಗ ಇಲ್ಲೇನು? ನಾಕೈದು ಕಾಣತಾವ.”

“ಎಲ್ಲಾ ಬಿರಕನ್ಯಾಗೂ ಬಂಗಾರ ಬರಂಗಿಲ್ಲರಿ. ಖಾಲಿ ಬಿರಕೂ ಇರತಾವ.”

“ಮನಶ್ಯಾರ ಹಂಗ.” ಸತ್ಯವ್ವ ಚೀಲದಿಂದ ಕರವಸ್ತ್ರ ತೆಗೆದಳು. “ಧೂಳು ವರಸಲೇನು?”

ಸ್ನೇಹಲ್ ಬಾಟಲಿಯ ನೀರು ಹನಿಸಿದಳು. ಒದ್ದೆ ಬಟ್ಟೆ ತಾಗಿದಲ್ಲಿ ಕಲ್ಲು ಕಣ್ಣು ಬಿಟ್ಟಂತೆ ಬಣ್ಣ ಬಂತು: ಕರಿ, ಕರಿಹಸಿರು. ಒಂದೊಂದು ತುಂಡಿನ ಮೇಲೂ ಮಾಸಿದ ಕೆಂಪು ಪೆನ್ಸಿಲ್ಲಿನ ಬಾಣ.

“ಈ ಬಾಣ ಏನು?”

“ಆಳದ ದಿಕ್ಕು. ಯಾವ ಕಡೆ ಕೆಳಗ ಅನ್ನೂದಕ್ಕ ಹಾಕತಾರ.”

ಬಾಗಿಲಲ್ಲಿ ನೆರಳು ಬಿತ್ತು. ಗುರುನಾಥ ನಿಂತಿದ್ದ. ಸತ್ಯವ್ವ ತಲೆ ಎತ್ತದೆ ಕೇಳಿದಳು: “ಮೊದಲನೇ ಸಾಲಿನ್ಯಾಗ ಬಾಣ ಎಲ್ಲಾ ಬಲಕ್ಕ ನೋಡತಾವ. ಎರಡನೇದರಾಗ ಎಡಕ್ಕ. ಬದಲಿ ಇಟ್ಟ ಈ ಒಂದು ತುಂಡು ಮಾತ್ರ ಮತ್ತ ಬಲಕ್ಕ. ಹಿಂಗ್ಯಾಕ್ರಿ?”

“ಮುದಕ ಹೆಂಗರ ತುಂಬಿರತಾನ ಬಿಡ್ರಿ ಮೇಡಂ. ಓದು ಬಾರದಾಂವ.”

ಸ್ನೇಹಲ್ ಬಗ್ಗಿ ನೋಡಿದಳು.

* * *

ಆಫೀಸಿನಲ್ಲಿ ಚಹಾ ಬಂತು. ಸತ್ಯವ್ವ ದೂರಿನ ಹಾಳೆ ಬಿಡಿಸಿದಳು.

“ಇದು ನಿಮ್ಮ ಕೈಬರಹ ಏನ್ರಿ?”

“ಹೌದ್ರಿ.”

“‘ನಲವತ್ತೆರಡು ಗ್ರಾಂ ಬಂಗಾರವಿದ್ದ ಕಲ್ಲು’ ಅಂತ ಬರದೀರಿ. ಹಳೇ ಸಾಹೇಬರ ಪುಸ್ತಕದಾಗ ಹಂಗ ಐತೇನು?”

“ಐತಿ. ಶಂಕರೆಪ್ಪ ಅಂತ ಇದ್ರು ಹಳೇ ಭೂವಿಜ್ಞಾನಿ. ತೀರಿಕೊಂಡ್ರು. ಅವರ ಕೈಪುಸ್ತಕ. ಎಂಬತ್ತಾರು ಮೂವತ್ತಕ್ಕ ನಲವತ್ತೆರಡು ಗ್ರಾಂ.”

“ನಲವತ್ತೆರಡು ಗ್ರಾಂ ಅಂದ್ರ ಎಷ್ಟ ತೊಲಿ ಆತ್ರಿ? ನನಗ ಲೆಕ್ಕ ಬರಂಗಿಲ್ಲ.”

“ನಾಕು ತೊಲಿ, ಮ್ಯಾಲೆ ಎರಡು ಗ್ರಾಂ,” ಎಂದ ಗುರುನಾಥ, ಚಹಾದ ಕಪ್ಪು ತುಟಿಗೆ ಮುಟ್ಟುವ ಮೊದಲೇ.

“ಆ ಪುಸ್ತಕ ಎಲ್ಲಿರತೈತಿ?”

“ನನ್ನ ಕಪಾಟಿನ್ಯಾಗ. ಎಲ್ಲಾ ಕಂಪ್ಯೂಟರಿಗೆ ಹಾಕಿದಾಂವ ನಾನ. ಈ ಹುಡುಗಿ ಬಂದಮ್ಯಾಲೆ ಅಕಿಗೆ ಕೊಟ್ಟೆ.” ಗುರುನಾಥ ಕುರ್ಚಿ ಮುಂದೆ ಎಳೆದು ದನಿ ತಗ್ಗಿಸಿದ. “ಮೇಡಂ, ಒಂದು ಮಾತು. ಪರಶು ಹೋದ ವಾರ ಬೈಲಹೊಂಗಲದಾಗ ಅಕ್ಕಸಾಲಿಗ್ಯಾನ ಅಂಗಡಿ ಹೊಕ್ಕಿದ್ದ. ನಾ ಕಣ್ಣಾರೆ ಕಂಡೇನಿ.”

ಪರಶುವನ್ನು ಕರೆದು ಕೇಳಿದ್ದಕ್ಕೆ ಅವನು ಕೈಮುಗಿದ. “ಹೋಗಿದ್ದೆ ಖರೇರಿ. ನನ್ನ ಹೆಂಡತಿ ಮೂಗಬಟ್ಟಿನ ತಿರುಪು ಬಚ್ಚಲದಾಗ ಬಿದ್ದು ಹೋಗಿತ್ತು. ತಿರುಪು ಹಾಕಿಸಿಕೊಂಡ ಬರದಿದ್ರ ಮನಿಗೇ ಬರಬ್ಯಾಡ ಅಂದಿದ್ಲು.”

“ಬಂಗಾರದ ಕಲ್ಲು ಯಾವ ಪೆಟ್ಟಿಗ್ಯಾಗ ಇತ್ತು, ಗೊತ್ತೇನು?”

“ನಲವತ್ತೆರಡು ಗ್ರಾಂ ಅನ್ನೂದು ಗೊತ್ತು. ಸಾಹೇಬ್ರು ದಿನಾ ಅಂತಿದ್ರು. ಪೆಟ್ಟಿಗಿ ಯಾವುದೋ ಏನೋ. ಶೆಡ್ಡಿನ್ಯಾಗ ಇನ್ನೂರರ ಹತ್ರ ಅದಾವ. ನನಗ ಎಲ್ಲಾ ಒಂದ ನಮೂನಿ ಕಾಣತಾವ್ರಿ, ಮದವ್ಯಾಗ ಬೀಗರು ಕಂಡಂಗ!”

ಸತ್ಯವ್ವ ಕೈಕಾಲು ತೊಳೆಯಲು ಆಫೀಸಿನ ಹಿಂದಿನ ನಳದ ಹತ್ತಿರ ಹೋದಳು. ಚಪ್ಪಲಿ ಬಿಟ್ಟು ನಿಂತಳು. ಸುತ್ತಲೂ ಕೆಂಪು ಮೊರಮು ನೆಲ. ನಳದ ಬುಡದಲ್ಲಿ ಮಾತ್ರ ಕಾಲಿಗೆ ಕರಿಹಸಿರು ರಾಡಿ ಹತ್ತಿತು, ಹಿಟ್ಟಿನಷ್ಟು ನುಣ್ಣಗೆ. ಅವಳು ಅದನ್ನು ಬೆರಳಿನಿಂದ ತಿಕ್ಕಿ ನೋಡಿದಳು. ನೀರು ಹಾಕಿ ತೊಳೆದುಕೊಂಡಳು.

* * *

ಲಕ್ಕಪ್ಪ ಎದ್ದು ನಿಂತ. “ಹೊರಡೂದೇನ್ರಿ, ಅಕ್ಕಾರ?”

“ಕುಂಡ್ರಿ ಕಾಕಾ. ಗಂಟು ಯಾಕ ಕಟ್ಟೀರಿ?”

“ಕರದ್ರ ತಡಾ ಆಗಬಾರದಂತ.” ಬಹಳ ದಿನ ಬಳಸದೆ ಇದ್ದ ಕೀಲಿಯಂತೆ ಅವನ ದನಿ ಸಿಕ್ಕಿಸಿಕ್ಕಿ ಹೊರಬರುತ್ತಿತ್ತು. “ಒಂದು ಚಾದರ, ಎರಡು ಧೋತ್ರ. ಇದರಾಗ ಕಲ್ಲಿಲ್ಲರಿ. ಬಿಚ್ಚಿ ತೋರಸಲಿ?”

“ಬ್ಯಾಡ. ಮನ್ಯಾಗ ಯಾರದಾರ?”

“ಹೆಂಡತಿ ಹೋಗಿ ಹನ್ನೊಂದು ವರ್ಷ. ಮಕ್ಕಳಾಗಲಿಲ್ಲ. ಇಲ್ಲೆ ವಾರಕ್ಕೊಮ್ಮೆ ಸಂತಿಗೆ ಹೋದ್ರ ಮನಶ್ಯಾರ ಮಾತು. ಉಳದ ದಿನ ನಾನು, ಇವು.” ಶೆಡ್ಡಿನ ಕಡೆ ಗದ್ದ ಎತ್ತಿದ. “ಮಾತಾಡಿದ್ರ ಇವು ಬ್ಯಾಡ ಅನ್ನಂಗಿಲ್ಲ. ಹೌದೂ ಅನ್ನಂಗಿಲ್ಲ. ನಿನ್ನಿ ಸಂಜಿಕ ಸಂತ್ಯಾಗ ಉಪ್ಪು ಕೊಳ್ಳಾಕ ನಿಂತಿದ್ದೆ. ಅಂಗಡಿಯಾಂವ, ‘ಬಂಗಾರದ ಲಕ್ಕಪ್ಪ ಬಂದ’ ಅಂದ. ನಾಕು ಮಂದಿ ನಕ್ಕರು. ಇಷ್ಟು ವರ್ಷ ನನ್ನ ಹೆಸರು ಅಲ್ಲಿ ಯಾರಿಗೂ ಗೊತ್ತಿರಲಿಲ್ಲರಿ. ಕಳ್ಳ ಅಂತ ಗೊತ್ತಾತು.”

ಸತ್ಯವ್ವ ಅವನ ಎದುರು ನೆಲದ ಮೇಲೆ ಕುಳಿತಳು. “ಆ ಕಲ್ಲು ಹೊರಗ ಬಂದ ದಿವಸ ನೆನಪೈತೇನು?”

“ಮರೀತೇನ್ರಿ? ಶಂಕರೆಪ್ಪ ಸಾಹೇಬ್ರು ಸುತ್ತಿಗಿಲೆ ಅಂಚಿಗಿ ಒಂದು ಏಟು ಹಾಕಿದ್ರು. ಬಳ್ಳೊಳ್ಳಿ ಜಜ್ಜಿದಂಗ ವಾಸನಿ ಬಂತು. ನಾ ಅಂದೆ, ‘ಸಾಹೇಬ್ರ, ನೆಲದಾಗ ಯಾರೋ ಪಲ್ಲೆ ಮಾಡಾಕ ಹತ್ಯಾರ.’ ನಕ್ಕ ನಕ್ಕ ಕಣ್ಣಾಗ ನೀರು ತಂದ್ರು.”

“ಪೆಟ್ಟಿಗಿಗೆ ತುಂಬಿದವರು ಯಾರು?”

“ನಾನ.”

“ಹೆಂಗ ತುಂಬಿದ್ರಿ? ಕೈಮಾಡಿ ತೋರಸ್ರಿ.”

ಮುದುಕ ಬೆರಳಿನಿಂದ ನೆಲದ ಧೂಳಿನಲ್ಲಿ ಗೀಚಿದ. ಒಂದು ಗೆರೆ ಎಡದಿಂದ ಬಲಕ್ಕೆ ಹೋಯಿತು. ತುದಿಯಲ್ಲಿ ತಿರುಗಿತು. ಎರಡನೆಯದು ಬಲದಿಂದ ಎಡಕ್ಕೆ ಬಂತು. ಮತ್ತೆ ತಿರುಗಿತು.

“ಕೂರಿಗಿ ಹೊಡದಂಗ್ರಿ. ಬಿತ್ತಾಕ ಹೋದ ಎತ್ತು ಹೊಲದ ಆ ತುದಿಗೆ ಹೋದಮ್ಯಾಲೆ ಹಾರಿ ಈ ತುದಿಗೆ ಬರತಾವೇನು? ಅಲ್ಲೇ ಹೊಳ್ಳತಾವ. ಮೊದಲನೇ ಬೋರಿನ ಪೆಟ್ಟಿಗಿ ಎಲ್ಲಾ ಹಂಗ ತುಂಬಿದೆ. ಆಮ್ಯಾಲೆ ಸಾಹೇಬ್ರು ನೋಡಿ, ‘ಲಕ್ಕಪ್ಪ, ಪುಸ್ತಕ ಓದಿದಂಗ ತುಂಬಬೇಕೋ, ಪ್ರತಿ ಸಾಲೂ ಎಡಕಿನಿಂದ’ ಅಂದ್ರು. ನನಗ ಪುಸ್ತಕ ಎಲ್ಲಿ ಗೊತ್ತು? ಎರಡನೇ ಬೋರಿನಿಂದ ಅವರು ಹೇಳಿದಂಗ ತುಂಬಿದೆ. ಹಳೇವು ಇರಲಿ ಬಿಡು, ನನಗ ಗೊತ್ತೈತಿ ಅಂದ್ರು.”

“ಇದನ್ನ ಯಾರಿಗಾದ್ರೂ ಹೇಳೀರೇನು?”

“ಯಾರು ಕೇಳಿದ್ರು?”

ಸತ್ಯವ್ವ ಧೂಳಿನ ಗೆರೆಗಳನ್ನೇ ನೋಡುತ್ತ ಕುಳಿತಳು. ಚಿಕ್ಕಂದಿನಲ್ಲಿ ಅವಳೂ ಅಪ್ಪನ ಕೂರಿಗೆಯ ಮುಂದೆ ಎತ್ತಿನ ಹಗ್ಗ ಹಿಡಿದು ನಡೆದವಳು. ತುದಿಗೆ ಹೋದಾಗ ಎತ್ತುಗಳು ತಾವಾಗಿಯೇ ತಿರುಗುತ್ತಿದ್ದುದು ಅವಳ ಅಂಗೈಗೆ ಇನ್ನೂ ನೆನಪಿತ್ತು.

“ಏಳ್ರಿ ಕಾಕಾ,” ಎಂದಳು. “ಗಂಟು ಇಲ್ಲೇ ಇರಲಿ.”

* * *

ಮಧ್ಯಾಹ್ನ ಮೂರಕ್ಕೆ ಶೆಡ್ಡಿನಲ್ಲಿ ಎಲ್ಲರೂ ಸೇರಿದರು. ಪೆಟ್ಟಿಗೆಯ ಎಡಕ್ಕೆ ಸ್ನೇಹಲ್, ಬಲಕ್ಕೆ ಪರಶು. ಗುರುನಾಥ ಕೈಕಟ್ಟಿ ನಿಂತ. ಲಕ್ಕಪ್ಪ ಬಾಗಿಲಲ್ಲೇ ಉಳಿದ.

“ಸ್ನೇಹಲ್, ಟೇಪು ಹಿಡಿಯವಾ. ಎರಡನೇ ಸಾಲು. ಆದ್ರ ಈ ಸಲ ಬಲತುದಿಯಿಂದ ಮೂವತ್ತು ಅಳಿ.”

“ಬಲದಿಂದ?”

“ಈ ಪೆಟ್ಟಿಗಿ ತುಂಬಿದವರು ಒಕ್ಕಲಿಗರು. ಓದಿದವರಲ್ಲ.”

ಸ್ನೇಹಲ್ ಒಂದು ಗಳಿಗೆ ಬೆಚ್ಚಿ ನಿಂತಳು. ಅವಳ ಕಣ್ಣು ಬಾಣಗಳ ಮೇಲೆ ಓಡಿತು. ಬಲಕ್ಕೆ, ಎಡಕ್ಕೆ, ಬಲಕ್ಕೆ, ಎಡಕ್ಕೆ... “ಅಯ್ಯೋ! ಬಾಣ ಸರಿ ಅದಾವ. ನಾನ ತಪ್ಪು ಓದೇನಿ!”

ಟೇಪು ಬಲದಿಂದ ಮೂವತ್ತು ಸೆಂಟಿಮೀಟರಿಗೆ ಬಂದು ನಿಂತದ್ದು ಕಣಜದ ಗೂಡಿನ ಮೇಲೆ. ಅವಳು ಗೂಡನ್ನು ಮೆಲ್ಲನೆ ಕೆರೆದು ತೆಗೆದಳು. ಒದ್ದೆ ಬಟ್ಟೆ ಆಡಿಸಿದಳು. ಕೆಳಗೆ ಗೇಣುದ್ದದ ಬಿಳಿ ಕಲ್ಲು, ಅದರೊಳಗೆ ಬೂದಿಬಣ್ಣದ ಎಳೆಗಳು. ಭೂತಗನ್ನಡಿ ಹಿಡಿದು ಬಗ್ಗಿದವಳು ಬಹಳ ಹೊತ್ತು ಏಳಲಿಲ್ಲ.

“ಐತಿ,” ಎಂದಳು ಕೊನೆಗೆ, ಪಿಸುಮಾತಿನಲ್ಲಿ. “ಬಂಗಾರ ಇಲ್ಲೇ ಐತಿ.”

ಸುತ್ತಿಗೆಯಿಂದ ಅಂಚಿಗೆ ಮೆಲ್ಲಗೆ ಒಂದು ಏಟು ಹಾಕಿದಳು. ಸಣ್ಣಗೆ ಬೆಳ್ಳುಳ್ಳಿಯ ವಾಸನೆ ಎದ್ದಿತು. “ಬೂದಿಬಣ್ಣದ ಎಳಿ ಐತಲ್ರಿ, ಅದರಾಗ ಪಾಷಾಣ, ಆರ್ಸೆನಿಕ್ ಅಂತಾರಲ್ಲ, ಅದು ಇರತೈತಿ. ಇಂಥಲ್ಲೆ ಅದು ಬಂಗಾರದ ಜೋಡಿನ ಬರತೈತಿ. ಏಟು ಬಿದ್ರ ಹಿಂಗ ನಾರತೈತಿ.”

ಬಾಗಿಲಲ್ಲಿ ಲಕ್ಕಪ್ಪ ಕಣ್ಣು ಮುಚ್ಚಿ ಮೂಗಿನಿಂದ ಉಸಿರೆಳೆದುಕೊಂಡ.

“ಹಂಗಾದ್ರ ಕಳುವ ಆಗಿಲ್ಲ!” ಎಂದ ಪರಶು.

“ಆಗೈತಿ.” ಸತ್ಯವ್ವನ ದನಿ ಏರಲಿಲ್ಲ. “ಎಡದಿಂದ ಮೂವತ್ತಕ್ಕ ಇದ್ದ ಕಲ್ಲು ಹೋಗೈತಿ. ಅದು ಬರೇ ಗ್ವಾಡಿ ಕಲ್ಲು, ಕರಿದು. ಕಳ್ಳ ಬಂಗಾರ ಬಿಟ್ಟು ಗ್ವಾಡಿ ಹೊತ್ತಾನ. ಯಾಕ?”

ಅವಳು ಒಬ್ಬೊಬ್ಬರನ್ನೇ ನೋಡಿ ಮುಂದುವರಿಸಿದಳು.

“ಲಕ್ಕಪ್ಪ ಕದ್ದಿದ್ರ ಎಡಕ್ಕ ಕೈ ಹಾಕತಿದ್ದಿಲ್ಲ. ಪೆಟ್ಟಿಗಿ ತುಂಬಿದಾಂವನೇ ಅಂವ. ಕಣ್ಣು ಕಟ್ಟಿದ್ರೂ ಬಿಳೇ ಕಲ್ಲಿಗೇ ಕೈ ಹೋಗತಿತ್ತು. ಸ್ನೇಹಲ್ ಕದ್ದಿದ್ರ? ಬಂಗಾರ ಬಿಳೇದರಾಗ, ಕರಿದರಾಗ ಅಲ್ಲ ಅನ್ನೂದು ಅಕಿಗೆ ಗೊತ್ತು. ಪರಶು? ಅಂವಗ ಪೆಟ್ಟಿಗಿನ ಗೊತ್ತಿಲ್ಲ. ಎಂಬತ್ತಾರು ಮೂವತ್ತು ಅನ್ನೂ ಅಂಕಿ ಇದ್ದದ್ದು ಕಪಾಟಿನ ಪುಸ್ತಕದಾಗ. ಅಂದ್ರ ಕದ್ದಾಂವಗ ಕಲ್ಲು ಗೊತ್ತಿಲ್ಲ, ಅಂಕಿ ಗೊತ್ತು. ಕಲ್ಲು ನೋಡಲಿಲ್ಲ, ಟೇಪು ನೋಡಿದ. ಬ್ಯಾರೆ ಯಾವುದೋ ಪೆಟ್ಟಿಗಿಯಿಂದ ಅಷ್ಟೇ ಉದ್ದದ ಕರಿ ತುಂಡು ತಂದು ಇಟ್ಟ. ಇಡಬೇಕಾದ್ರ ಬಾಣಾನೂ ಪುಸ್ತಕ ಓದಿದಂಗ ಬಲಕ್ಕ ಮಾಡಿ ಇಟ್ಟ. ಮಗ್ಗಲದ ಬಾಣ ಎತ್ತಾಗ ನೋಡತಾವ ಅನ್ನೂದು ನೋಡಲೇ ಇಲ್ಲ.”

“ಮೇಡಂ, ನೀವು ಏನ್ ಹೇಳಾಕ ಹತ್ತೀರಿ—”

“ಗುರುನಾಥ, ನೀವ ಹೇಳ್ರಿ. ನಾಕು ತೊಲಿ ಎರಡು ಗ್ರಾಂ ಸಿಕ್ಕಿತೇನು?”

ಗುರುನಾಥನ ಮುಖದ ಬಣ್ಣ ಇಳಿಯಿತು.

ಸ್ನೇಹಲ್ ಅವನನ್ನೇ ನೋಡುತ್ತಿದ್ದಳು. “ಸರ್, ಆ ನಲವತ್ತೆರಡು ಗ್ರಾಂ ಒಂದು ಟನ್ ಕಲ್ಲಿಗೆ. ಸಾವಿರ ಕೆಜಿಗೆ! ಎಲ್ಲಾ ಬಂಗಾರದ ಲೆಕ್ಕ ಹಂಗ ಬರೀತಾರ. ಈ ಬಿಳೇ ತುಂಡಿನ್ಯಾಗ ಇರೂದು ಸಾಸಿವಿ ಕಾಳಿನಷ್ಟೂ ಅಲ್ಲ.”

“ಸಾಸಿವಿ...?” ಗುರುನಾಥನ ಬಾಯಿಂದ ಮಾತು ತಾನಾಗಿ ಜಾರಿತು. “ನಾಕು ದಿನ ಕುಟ್ಟೇನಿ. ಕಬ್ಬಿಣದ ಕುಟ್ಟಣಿಗ್ಯಾಗ. ಅಂಗೈ ಬೊಬ್ಬಿ ಬಂದಾವ. ತೊಳದು ತೊಳದು ನೋಡಿದೆ. ಏನೂ ಇರಲಿಲ್ಲ—”

ಅಲ್ಲಿಗೆ ನಿಂತ. ತಡವಾಗಿತ್ತು.

“ಗೊತ್ತು,” ಎಂದಳು ಸತ್ಯವ್ವ. “ಅದರ ರಾಡಿ ನಳದ ಬುಡಕ್ಕ ಐತಿ. ಕೆಂಪು ನೆಲದಾಗ ಕರಿ ರಾಡಿ ಎಲ್ಲಿಂದ ಬರಬೇಕು? ಉಳದ ಹಿಟ್ಟು ಎಲ್ಲಿ ಇಟ್ಟೀರಿ?”

ಅದು ಆಫೀಸಿನ ಕಪಾಟಿನಲ್ಲಿತ್ತು, ದಾಖಲೆ ಪುಸ್ತಕದ ಹಿಂದೆ, ಬಿಸ್ಕೀಟಿನ ಡಬ್ಬಿಯಲ್ಲಿ. ಔಷಧ ಹಾಕಿ ಕರಗಿಸಿದರೆ ಬಂಗಾರ ಬಂದೀತೆಂದು ಬಚ್ಚಿಟ್ಟಿದ್ದನಂತೆ. ಸ್ನೇಹಲ್ ಇಷ್ಟು ಬೇಗ ಹದಿನೆಂಟನೆಯ ಪೆಟ್ಟಿಗೆ ತೆರೆಯುತ್ತಾಳೆಂದು ಅವನು ಎಣಿಸಿರಲಿಲ್ಲ. ಅವಳು ಕೂಗಿಕೊಂಡ ಮೇಲೆ ಯಾರಾದರೊಬ್ಬ ಕಳ್ಳ ಬೇಕಾಗಿದ್ದ.

“ಇಂವ ಯಾಕ ಬೇಕಾದ?” ಸತ್ಯವ್ವ ಲಕ್ಕಪ್ಪನ ಕಡೆ ಕೈ ಮಾಡಿದಳು.

ಗುರುನಾಥ ನೆಲ ನೋಡಿದ. “ಅಂವನ ಪರವಾಗಿ ಮಾತಾಡವ್ರು ಯಾರೂ ಇರಲಿಲ್ಲರಿ,” ಎಂದ.

* * *

ಠಾಣೆಯ ಜೀಪು ಬಂದು ಗುರುನಾಥನನ್ನೂ ಡಬ್ಬಿಯನ್ನೂ ಕೊಂಡೊಯ್ದಾಗ ನಾಲ್ಕೂವರೆ. “ನೀವೂ ಬರ್ರಿ ಸತ್ಯವ್ವ” ಎಂದು ಕರೆದರು. ಲಕ್ಕಪ್ಪನ ಹೇಳಿಕೆ ಬರೆಯುವುದಿದೆ, ಐದೂವರೆಯ ಬಸ್ಸಿಗೆ ಬರುತ್ತೇನೆ ಎಂದಳು.

ಸ್ನೇಹಲ್ ಶೆಡ್ಡಿನಿಂದ ಹೊರಬಂದು ಮುದುಕನ ಎದುರು ನಿಂತಳು. “ಅಜ್ಜಾ, ತಪ್ಪಾತು. ನಾ ಮೊದಲ ನಿಮ್ಮನ್ನ ಕೇಳಬೇಕಿತ್ತು. ನಮ್ಮ ಅಜ್ಜಿ ರಸ್ತೇದ ಖಡಿ ಒಡದಾಕಿ. ‘ಕಲ್ಲಿನ ಮಾತು ಕೈಗೆ ಗೊತ್ತು, ಕಣ್ಣಿಗಲ್ಲ’ ಅಂತಿದ್ಲು. ಓದಿದಮ್ಯಾಲೆ ಮರತೆ.”

“ನೀ ಸಣ್ಣಾಕಿ. ಬಿಡವಾ.”

“ಮೊದಲನೇ ಬೋರಿನ ಪೆಟ್ಟಿಗಿ ಎಲ್ಲಾ ಹೊಳ್ಳಿ ಓದಬೇಕು. ನಾಳಿಂದ ನನ್ನ ಮಗ್ಗಲದಾಗ ಕುಂಡ್ರತೀರೇನು? ಆಮ್ಯಾಲೆ ಲಾರಿ ಬರತೈತಿ. ಎಲ್ಲಾ ಕಲ್ಲೂ ಬೆಂಗಳೂರಿಗೆ ಒಯ್ಯತಾರ.”

“ಎಲ್ಲಾನೂ?”

“ಬಂಗಾರ ಐತಿ ಅಂತ ತಿಳೀತಲ್ರಿ. ಇನ್ನ ಇಲ್ಲೆ ಇಡಂಗಿಲ್ಲ.”

ಲಕ್ಕಪ್ಪ ತಲೆಯಾಡಿಸಿದ. ಅವಳು ಒಳಗೆ ಹೋದ ಮೇಲೂ ಸ್ವಲ್ಪ ಹೊತ್ತು ಆಡಿಸುತ್ತಲೇ ಇದ್ದ.

ಸತ್ಯವ್ವ ಕಟ್ಟೆಯ ಮೇಲೆ ಕುಳಿತು ಬರೆದು ಮುಗಿಸಿದಳು. ದುಂಡಗಿನ ಅಕ್ಷರ, ನಿಧಾನದ ಕೈ. ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಮೊದಲು ಮುದುಕ ಕೇಳಿದ: “ಏನ ಬರದೀರಿ, ಓದಿ ಹೇಳತೀರೇನ್ರಿ ಅಕ್ಕಾರ?”

ಅವಳು ಓದಿದಳು. “‘ಲಕ್ಕಪ್ಪ, ತಂದೆ ಭೀಮಶಿ, ವಯಸ್ಸು ಎಪ್ಪತ್ತೊಂದು, ಇಪ್ಪತ್ತೆರಡು ವರ್ಷಗಳಿಂದ ಈ ಶೆಡ್ಡನ್ನು ಕಾಯುತ್ತಿರುವವರು. ಇವರ ಮೇಲೆ ಹೊರಿಸಿದ ಆರೋಪವು ಸುಳ್ಳೆಂದು ತನಿಖೆಯಿಂದ ತಿಳಿದುಬಂದಿದೆ. ಪೆಟ್ಟಿಗೆಗಳನ್ನು ಇವರೇ ತಮ್ಮ ಕೈಯಾರೆ ತುಂಬಿದ್ದು, ಒಂದು ಕಲ್ಲೂ ಇವರಿಂದ ಕಳೆದಿಲ್ಲ. ಇವರು ಹೇಳಿದ ಮಾತಿನಿಂದಲೇ ಬಂಗಾರದ ಕಲ್ಲು ಸಿಕ್ಕಿದೆ.’”

“ಇದನ್ನ ಸಂತ್ಯಾಗಿನ ಉಪ್ಪಿನ ಅಂಗಡಿಯಾಂವಗ ಓದಿ ಹೇಳತಾರೇನು?”

“ನಾನ ಹೋಗಿ ಹೇಳತೇನಿ.”

ಜೀಪಿನ ಹಾರ್ನು ಕೇಳಿತು. “ಮೇಡಂ!” ಎಂದು ಪರಶು ಕೂಗಿದ. “ಹತ್ರಿ ಲಗೂನ! ಇದು ತಪ್ಪಿದ್ರ ಇವತ್ತ ಮತ್ತೊಂದು ಬಸ್ಸಿಲ್ಲ!”

ಸತ್ಯವ್ವ ಹಾಳೆ ಮಡಿಸತೊಡಗಿದಳು. ಲಕ್ಕಪ್ಪ ಅವಳ ಕೈಯನ್ನೇ ನೋಡುತ್ತಿದ್ದ.

“ಇನ್ನೊಮ್ಮೆ ಓದ್ರಿ,” ಎಂದ.

ಅವಳು ಹಾಳೆ ಬಿಡಿಸಿ, ಹೆಸರಿನಿಂದ ಮತ್ತೆ ಶುರುಮಾಡಿದಳು.